ನಗರದ ನಾಳೆಯ ಬಗ್ಗೆ ಊರವರೆಲ್ಲ ಕುಳಿತು ಮಾತನಾಡುವುದು ಹೇಗೆ?

ಗೋಡೆಯ ಮೇಲೆ ದೊಡ್ಡದೊಂದು ನಕ್ಷೆ ತೂಗುತ್ತಿರುತ್ತದೆ. ಬಣ್ಣ ಬಳಿದ ರಸ್ತೆಗಳು, ಅಳತೆಗೆ ತಕ್ಕಂತೆ ಬೆಳೆದ ಮರಗಳು, ನೆರಳಿನಲ್ಲಿ ನಗುತ್ತ ನಡೆಯುವ ಜನ. ಒಬ್ಬರು ಮೈಕ್ ಹಿಡಿದು ಒಂದು ಗಂಟೆ ವಿವರಿಸುತ್ತಾರೆ. ಕೊನೆಯ ಹದಿನೈದು ನಿಮಿಷಗಳಲ್ಲಿ ‘ಈಗ ನಿಮ್ಮ ಅಭಿಪ್ರಾಯ ಹೇಳಿ’ ಎನ್ನುತ್ತಾರೆ. ಮುಂದಿನ ಸಾಲಿನ ಮೂವರು ಮಾತನಾಡುತ್ತಾರೆ. ಅದರಲ್ಲಿ ಒಬ್ಬರು ಚರಂಡಿಯ ಬಗ್ಗೆ ದೂರುತ್ತಾರೆ, ‘ಅದು ಇಂದಿನ ವಿಷಯವಲ್ಲ’ ಎಂಬ ಉತ್ತರ ಬರುತ್ತದೆ. ಫೋಟೊ ತೆಗೆಸಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಇಂತಹ ಸಭೆಗಳಲ್ಲಿ ಕೇಳುಗನಾಗಿ ಕುಳಿತಿದ್ದೇನೆ. ಕೆಲವನ್ನು ನಡೆಸುವವರ ಸಾಲಿನಲ್ಲಿಯೂ ನಿಂತಿದ್ದೇನೆ. ಎರಡೂ ಕಡೆಯಿಂದ ಕಂಡದ್ದು ಒಂದೇ: ಜನರಿಗೆ ಆಸಕ್ತಿ ಇಲ್ಲದಿರುವುದು ತೊಂದರೆಯಲ್ಲ. ತಾವು ಆಡಿದ ಮಾತು ಎಲ್ಲಿಗೆ ಹೋಯಿತು ಎಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ, ತೊಂದರೆ ಇರುವುದು ಅಲ್ಲಿ.

ಈ ಲೇಖನ ಅಂತಹ ಮಾತುಕತೆಯನ್ನು ಬೇರೆ ರೀತಿಯಲ್ಲಿ ನಡೆಸಬೇಕು ಎಂದುಕೊಂಡವರಿಗಾಗಿ. ನೀವು ನಿವಾಸಿಗಳ ಸಂಘದವರಿರಬಹುದು, ಶಿಕ್ಷಕರಿರಬಹುದು, ಸ್ಥಳೀಯ ಆಡಳಿತದ ಅಧಿಕಾರಿಯಿರಬಹುದು, ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿಯಿರಬಹುದು. ಮಾತಿನ ವಿಷಯ ಒಂದು ಬೀದಿಯಾಗಿರಬಹುದು ಅಥವಾ ಇಡೀ ನಗರದ ಮುಂದಿನ ಇಪ್ಪತ್ತು ವರ್ಷಗಳಾಗಿರಬಹುದು. ಹೆಜ್ಜೆಗಳು ಹೆಚ್ಚುಕಡಿಮೆ ಇವೇ.

ಮೊದಲ ಹೆಜ್ಜೆ: ಏನು ಬದಲಾಗಬಹುದು ಎಂಬುದನ್ನು ನೀವೇ ಮೊದಲು ತಿಳಿದುಕೊಳ್ಳಿ

ಜನರನ್ನು ಕರೆಯುವ ಮೊದಲು ಒಂದು ಹಾಳೆಯನ್ನು ಮೂರು ಭಾಗ ಮಾಡಿ. ಒಂದರಲ್ಲಿ ಈಗಾಗಲೇ ನಿರ್ಧಾರವಾಗಿರುವ ಸಂಗತಿಗಳನ್ನು ಬರೆಯಿರಿ. ಎರಡನೆಯದರಲ್ಲಿ ನಿಜವಾಗಿಯೂ ತೆರೆದಿರುವ, ಜನರ ಮಾತಿನಿಂದ ಬದಲಾಗಬಹುದಾದ ಸಂಗತಿಗಳನ್ನು ಬರೆಯಿರಿ. ಮೂರನೆಯದರಲ್ಲಿ ಯಾರು ನಿರ್ಧರಿಸುತ್ತಾರೆ, ಯಾವಾಗ ನಿರ್ಧರಿಸುತ್ತಾರೆ ಎಂಬುದನ್ನು ಬರೆಯಿರಿ. ಎರಡನೆಯ ಭಾಗ ಖಾಲಿ ಉಳಿದರೆ ಸಭೆ ಕರೆಯಬೇಡಿ. ಮಾಹಿತಿ ಕೊಡುವ ಪ್ರಕಟಣೆ ಹೊರಡಿಸಿ ಸಾಕು. ಅದಕ್ಕೆ ‘ಸಂವಾದ’ ಎಂಬ ಹೆಸರು ಕೊಟ್ಟು ಒಂದು ಸಂಜೆಯನ್ನು ಜನರಿಂದ ಕಸಿದುಕೊಳ್ಳುವುದು ಅನ್ಯಾಯ.

1969ರಲ್ಲಿ ಅಮೆರಿಕದ ಶೆರಿ ಆರ್ನ್‌ಸ್ಟೀನ್ ಎಂಬುವರು ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ, ಜನರನ್ನು ಒಲಿಸಿಕೊಳ್ಳುವ ಪ್ರಯತ್ನ ಮಾತ್ರ. ನಡುವಿನ ಮೂರರಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ಮತ್ತು ಸಮಾಧಾನಪಡಿಸುವುದು ಬರುತ್ತವೆ. ಕೊನೆಯದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಮೂಗಿಗೆ ತುಪ್ಪ ಸವರುವುದು. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ನಿಜವಾಗಿ ಕೈ ಬದಲಾಯಿಸುತ್ತದೆ. ಪ್ರತಿ ಮಾತುಕತೆಯೂ ತುತ್ತತುದಿಯ ಮೆಟ್ಟಿಲಿನಲ್ಲಿಯೇ ನಡೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಯಾವ ಮೆಟ್ಟಿಲಿನ ಮೇಲೆ ನಿಂತಿದ್ದೀರಿ ಎಂಬುದನ್ನು ಆಹ್ವಾನಪತ್ರದಲ್ಲಿಯೇ ಬರೆಯಬೇಕು. ‘ರಸ್ತೆಯ ಅಗಲ ನಿಗದಿಯಾಗಿದೆ, ಬದಲಾಗುವುದಿಲ್ಲ. ಆ ಅಗಲದಲ್ಲಿ ಪಾದಚಾರಿಗಳಿಗೆಷ್ಟು, ಸೈಕಲ್ಲಿಗೆಷ್ಟು, ಮರಗಳಿಗೆಷ್ಟು ಎಂಬುದು ನಿಮ್ಮ ಮಾತಿನ ಮೇಲೆ ನಿಂತಿದೆ’ — ಇಷ್ಟು ಸ್ಪಷ್ಟವಾಗಿ ಬರೆಯಬೇಕು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಿದರೆ ಎರಡನೆಯ ಸಭೆಗೆ ಯಾರೂ ಬರುವುದಿಲ್ಲ.

ನಿಮ್ಮ ಕೈಯಲ್ಲಿ ಯಾವ ಅಧಿಕಾರವೂ ಇಲ್ಲದಿದ್ದರೆ, ನೀವು ಆಸಕ್ತ ನಾಗರಿಕರ ಗುಂಪು ಮಾತ್ರವಾಗಿದ್ದರೆ, ಅದನ್ನೂ ಹೇಳಿ. ಜೊತೆಗೆ ನಿಮ್ಮ ನಗರದ ಯೋಜನೆಯ ಕರಡು ಯಾವಾಗ ಪ್ರಕಟವಾಗುತ್ತದೆ, ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದು, ಬಜೆಟ್ ಯಾವ ತಿಂಗಳಲ್ಲಿ ತಯಾರಾಗುತ್ತದೆ ಎಂಬುದನ್ನು ಪತ್ತೆ ಮಾಡಿ, ಆ ದಿನಗಳಿಗಿಂತ ಎರಡು ಮೂರು ತಿಂಗಳು ಮೊದಲು ನಿಮ್ಮ ಮಾತುಕತೆ ಮುಗಿಯುವಂತೆ ನೋಡಿಕೊಳ್ಳಿ. ಬಾಗಿಲು ಮುಚ್ಚಿದ ಮೇಲೆ ಕೊಟ್ಟ ಒಳ್ಳೆಯ ಸಲಹೆಯೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಎರಡನೆಯ ಹೆಜ್ಜೆ: ಯಾರು ಬರುವುದಿಲ್ಲ ಎಂದು ಪಟ್ಟಿ ಮಾಡಿ

ಬರುವವರ ಪಟ್ಟಿ ತಾನಾಗಿಯೇ ತಯಾರಾಗುತ್ತದೆ: ಸ್ವಂತ ಮನೆಯುಳ್ಳವರು, ನಿವೃತ್ತರು, ಸಭೆಗಳಲ್ಲಿ ಮಾತನಾಡಿ ಅಭ್ಯಾಸವಿರುವವರು. ಅವರು ಬರಲೇಬೇಕು. ಆದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಬಾರದವರ ಪಟ್ಟಿ. ಬಾಡಿಗೆದಾರರು, ಪಾಳಿಯಲ್ಲಿ ದುಡಿಯುವವರು, ಎಳೆಯ ಮಕ್ಕಳಿರುವ ತಾಯಂದಿರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಬೀದಿಬದಿಯ ವ್ಯಾಪಾರಿಗಳು, ನಗರದ ಭಾಷೆ ಇನ್ನೂ ಸರಿಯಾಗಿ ಬಾರದ ಹೊಸಬರು, ಇಲ್ಲಿ ದುಡಿದು ರಾತ್ರಿ ಬೇರೆಡೆಗೆ ಮಲಗಲು ಹೋಗುವವರು, ಹನ್ನೆರಡು ವರ್ಷದ ಹುಡುಗಿ. ನಗರವನ್ನು ಎಲ್ಲರಿಗಿಂತ ಹೆಚ್ಚು ಕಾಲ್ನಡಿಗೆಯಲ್ಲಿ ಬಳಸುವವರು ಇವರೇ.

ಆ ಹುಡುಗಿಯನ್ನು ಸುಮ್ಮನೆ ಸೇರಿಸಿಲ್ಲ. 1990ರ ದಶಕದಲ್ಲಿ ವಿಯೆನ್ನಾ ನಗರದಲ್ಲಿ ಉದ್ಯಾನಗಳನ್ನು ಬಳಸುವವರನ್ನು ಗಮನಿಸಿದಾಗ, ಒಂಬತ್ತು ಹತ್ತು ವರ್ಷ ದಾಟಿದ ಹುಡುಗಿಯರು ಉದ್ಯಾನಕ್ಕೆ ಬರುವುದು ಬಹಳ ಕಡಿಮೆಯಾಗುತ್ತದೆ, ಹುಡುಗರು ಹಾಗೆ ಮರೆಯಾಗುವುದಿಲ್ಲ ಎಂಬುದು ಕಂಡುಬಂತು. ಇದ್ದದ್ದು ಒಂದೇ ದೊಡ್ಡ ಬಯಲು. ಅದನ್ನು ಹುಡುಗರ ಚೆಂಡಾಟ ತುಂಬಿಕೊಂಡಿತ್ತು, ಜಾಗಕ್ಕಾಗಿ ಪೈಪೋಟಿ ಮಾಡಲು ಹುಡುಗಿಯರಿಗೆ ಮನಸ್ಸಾಗುತ್ತಿರಲಿಲ್ಲ. ಕೆಲವು ಉದ್ಯಾನಗಳಲ್ಲಿ ಬಯಲನ್ನು ಗಿಡ, ದಾರಿಗಳಿಂದ ಸಣ್ಣ ಭಾಗಗಳಾಗಿ ವಿಂಗಡಿಸಿ, ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣಗಳನ್ನು ಸೇರಿಸಿದರು. ಹುಡುಗಿಯರು ಮರಳಿ ಬಂದರು. ಸಂಜೆ ಏಳಕ್ಕೆ ಸಭಾಂಗಣದಲ್ಲಿ ಕರೆದ ಯಾವ ಸಭೆಯಲ್ಲಿಯೂ ಈ ವಿಷಯ ಎದ್ದು ಬರುತ್ತಿರಲಿಲ್ಲ. ಆ ಸಭೆಗೆ ಆ ಹುಡುಗಿಯರು ಬರುತ್ತಲೇ ಇರಲಿಲ್ಲ.

ಆದ್ದರಿಂದ ಕರೆಯುವುದಕ್ಕಿಂತ ಹೋಗುವುದು ಮೇಲು. ಬಸ್ ನಿಲ್ದಾಣದಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ, ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ, ಸಂತೆಯಲ್ಲಿ ಒಂದು ಮೇಜು ಹಾಕಿ ಕುಳಿತುಕೊಳ್ಳಿ. ಐದು ನಿಮಿಷ, ಎರಡೇ ಪ್ರಶ್ನೆ. ಸಭೆಯನ್ನೂ ಮಾಡುವುದಾದರೆ ಬೆಳಿಗ್ಗೆ ಒಂದು, ಸಂಜೆ ಒಂದು, ರಜಾದಿನ ಒಂದು ಹೀಗೆ ಮಾಡಿ. ಮೆಟ್ಟಿಲಿಲ್ಲದ ಸ್ಥಳ ಹುಡುಕಿ. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಇರಲಿ. ಇದನ್ನು ಸೌಜನ್ಯವೆಂದು ತಿಳಿಯಬೇಡಿ. ಇದಿಲ್ಲದಿದ್ದರೆ ಅರ್ಧ ಊರಿಗೆ ಬಾಗಿಲು ಮುಚ್ಚಿದಂತೆ.

ವಿಷಯ ದೊಡ್ಡದಾಗಿದ್ದರೆ ಚೀಟಿ ಎತ್ತುವ ಕ್ರಮವೂ ಇದೆ. 2014ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಾಡಳಿತ ತನ್ನ ಹತ್ತು ವರ್ಷಗಳ ಹಣಕಾಸು ಯೋಜನೆಯ ಬಗ್ಗೆ ಸಲಹೆ ಪಡೆಯಲು, ನಗರದ ಜನರ ನಡುವಿನಿಂದ ಆರಿಸಿದ 43 ಮಂದಿಯ ಸಮಿತಿ ರಚಿಸಿತು. ವಯಸ್ಸು, ಲಿಂಗ, ವಾಸಸ್ಥಳಗಳು ನಗರದ ಜನಸಂಖ್ಯೆಗೆ ಹೊಂದುವಂತೆ ಹೀಗೆ ಆರಿಸಿದ ಗುಂಪಿನಲ್ಲಿ, ಸಾಮಾನ್ಯ ಸಭೆಗೆ ಎಂದೂ ಕಾಲಿಡದವರೂ ಇರುತ್ತಾರೆ. ಓದಲು ಸಮಯ ಕೊಟ್ಟು, ತಜ್ಞರನ್ನು ಪ್ರಶ್ನಿಸಲು ಬಿಟ್ಟರೆ ಅವರು ಆಡುವ ಮಾತಿನ ತೂಕ ಬೆರಗಾಗಿಸುತ್ತದೆ.

ಮೂರನೆಯ ಹೆಜ್ಜೆ: ಪ್ರಶ್ನೆಯನ್ನು ತಿದ್ದಿ ತಿದ್ದಿ ಬರೆಯಿರಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವುದು ಇದು, ಅತಿ ಕಡಿಮೆ ಸಮಯ ಪಡೆಯುವುದೂ ಇದೇ.

‘ನಮ್ಮ ನಗರ ಹೇಗಿರಬೇಕು?’ ಎಂದು ಕೇಳಿದರೆ ‘ಸ್ವಚ್ಛವಾಗಿರಬೇಕು, ಹಸಿರಾಗಿರಬೇಕು, ಸುರಕ್ಷಿತವಾಗಿರಬೇಕು’ ಎಂಬ ಉತ್ತರ ಬರುತ್ತದೆ. ಯಾವ ನಗರದಲ್ಲಿ ಕೇಳಿದರೂ ಅದೇ ಉತ್ತರ. ತಪ್ಪು ಉತ್ತರ ಕೊಟ್ಟವರದಲ್ಲ. ಅಷ್ಟು ಅಗಲವಾದ ಪ್ರಶ್ನೆಗೆ ಮನುಷ್ಯ ತನ್ನ ಬದುಕಿನಿಂದ ಉತ್ತರಿಸಲಾರ, ಕೇಳಿದ ಭಾಷಣಗಳಿಂದ ಉತ್ತರಿಸುತ್ತಾನೆ. ‘ಇಲ್ಲಿ ಮೇಲ್ಸೇತುವೆ ಬೇಕೇ ಬೇಡವೇ?’ ಎಂಬ ಪ್ರಶ್ನೆಯ ತೊಡಕು ಬೇರೆ. ಅದು ಜನರನ್ನು ಮೊದಲ ನಿಮಿಷದಲ್ಲಿಯೇ ಎರಡು ಪಾಳೆಯಗಳಾಗಿ ಒಡೆಯುತ್ತದೆ. ಒಮ್ಮೆ ಕೈ ಎತ್ತಿದ ಮೇಲೆ ಆ ಕೈಯನ್ನು ಇಳಿಸುವುದು ಯಾರಿಗೂ ಕಷ್ಟ.

ಕೇಳಬೇಕಾದದ್ದು ಅನುಭವ. ಅನುಭವದ ವಿಷಯದಲ್ಲಿ ಪ್ರತಿಯೊಬ್ಬರೂ ತಜ್ಞರೇ, ವಾದಕ್ಕೆ ಎಡೆಯೇ ಇಲ್ಲ. ನನಗೆ ಉಪಯೋಗಕ್ಕೆ ಬಂದ ಕೆಲವು ಪ್ರಶ್ನೆಗಳು:

– ನಿನ್ನೆ ಬೆಳಿಗ್ಗೆ ಮನೆಯಿಂದ ಹೊರಟು ಎಲ್ಲೆಲ್ಲಿ ಹೋದಿರಿ, ಎಲ್ಲಿ ನಿಲ್ಲಬೇಕಾಯಿತು?
– ಈ ಪ್ರದೇಶದಲ್ಲಿ ನೀವು ಬೇಕೆಂದೇ ಸುತ್ತಿ ಬಳಸಿ ದಾಟಿಹೋಗುವ ಜಾಗ ಯಾವುದು? ಏಕೆ?
– ಕತ್ತಲಾದ ಮೇಲೆ ಯಾವ ದಾರಿ ಬದಲಿಸುತ್ತೀರಿ?
– ದುಡ್ಡು ಖರ್ಚು ಮಾಡದೆ ಒಂದು ಗಂಟೆ ಕುಳಿತುಕೊಳ್ಳಬಹುದಾದ ಜಾಗ ಇಲ್ಲಿ ಎಲ್ಲಿದೆ?
– ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಎಲ್ಲಿಯವರೆಗೆ ಕಳುಹಿಸುತ್ತೀರಿ?
– ಯಾವುದು ಇಲ್ಲವಾದರೆ ಈ ಊರು ನಿಮ್ಮ ಊರು ಅನಿಸುವುದಿಲ್ಲ?

ಕೊನೆಯ ಪ್ರಶ್ನೆಯನ್ನು ಎಂದಿಗೂ ಬಿಡಬೇಡಿ. ನಗರ ವಿನ್ಯಾಸದ ಮಾತು ಯಾವಾಗಲೂ ‘ಏನು ಸೇರಿಸೋಣ’ ಎಂಬುದರ ಕಡೆಗೆ ಜಾರುತ್ತದೆ. ಉಳಿಸಿಕೊಳ್ಳಬೇಕಾದದ್ದನ್ನು ಯಾರೂ ಕೇಳದಿದ್ದರೆ ಅದು ನಕ್ಷೆಯಲ್ಲಿ ಖಾಲಿ ಜಾಗವಾಗಿ ಕಾಣಿಸುತ್ತದೆ. ಖಾಲಿ ಜಾಗ ಹೆಚ್ಚು ದಿನ ಖಾಲಿ ಉಳಿಯುವುದಿಲ್ಲ. ಒಮ್ಮೆ ಒಬ್ಬ ಹಿರಿಯರು ಈ ಪ್ರಶ್ನೆಗೆ ಕಟ್ಟಡವನ್ನಾಗಲಿ ಕೆರೆಯನ್ನಾಗಲಿ ಹೇಳಲಿಲ್ಲ, ಒಂದು ತಿರುವಿನಲ್ಲಿದ್ದ ಮೋಟು ಗೋಡೆಯನ್ನು ಹೇಳಿದರು. ಮಾರುಕಟ್ಟೆಯಿಂದ ಚೀಲ ಹೊತ್ತು ಬರುವವರೆಲ್ಲ ಅಲ್ಲಿ ಚೀಲ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದರಂತೆ. ರಸ್ತೆ ಅಗಲ ಮಾಡುವ ಕರಡಿನಲ್ಲಿ ಮೊದಲು ಅಳಿಸಿಹೋಗಿದ್ದದ್ದು ಆ ಗೋಡೆಯೇ.

ಮಾತಿಗಿಂತ ಚಿತ್ರದಲ್ಲಿ ಸಲೀಸಾಗಿ ಹೇಳುವವರಿಗೆ ಇನ್ನೊಂದು ದಾರಿ ಇದೆ. ಖಾಲಿ ಹಾಳೆ ಕೊಟ್ಟು, ಯಾವ ನಕ್ಷೆಯನ್ನೂ ನೋಡದೆ, ನೆನಪಿನಿಂದ ತಮ್ಮ ಊರನ್ನು ಬಿಡಿಸಲು ಹೇಳಿ. ಕೆವಿನ್ ಲಿಂಚ್ ಎಂಬ ನಗರ ಯೋಜಕರು ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ಜನರೊಂದಿಗೆ ಹೀಗೆ ಕೆಲಸ ಮಾಡಿ, ತಮ್ಮ ತೀರ್ಮಾನಗಳನ್ನು 1960ರಲ್ಲಿ ಪ್ರಕಟಿಸಿದರು. ಜನ ತಮ್ಮ ಮನಸ್ಸಿನಲ್ಲಿ ನಗರವನ್ನು ಐದು ಬಗೆಯ ಅಂಶಗಳಿಂದ ಕಟ್ಟಿಕೊಳ್ಳುತ್ತಾರೆ ಎಂದರು: ದಾರಿಗಳು, ಅಂಚುಗಳು, ಪ್ರದೇಶಗಳು, ಕೂಡುತಾಣಗಳು, ಗುರುತಿನ ಕಟ್ಟಡಗಳಂತಹ ಹೆಗ್ಗುರುತುಗಳು. ಇಪ್ಪತ್ತು ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಎಲ್ಲರೂ ಬಿಡಿಸಿದ್ದು ಯಾವುದು, ಯಾರೂ ಬಿಡಿಸದೆ ಬಿಟ್ಟದ್ದು ಯಾವುದು? ಯಾವ ರೈಲುಹಳಿ ಅಥವಾ ಹೆದ್ದಾರಿಯ ಆಚೆಗೆ ಎಲ್ಲರ ಗೆರೆಗಳೂ ನಿಂತುಹೋಗಿವೆ? ನಗರ ಎಲ್ಲಿ ಎರಡಾಗಿ ಒಡೆದಿದೆ ಎಂಬುದನ್ನು ಆ ಹಾಳೆಗಳೇ ತೋರಿಸುತ್ತವೆ.

ನಾಲ್ಕನೆಯ ಹೆಜ್ಜೆ: ಒಟ್ಟಿಗೆ ನಡೆಯಿರಿ, ಅಳೆಯಿರಿ

ಹತ್ತು ಹದಿನೈದು ಜನ, ಒಂದೂವರೆ ಗಂಟೆ, ಎರಡು ಕಿಲೋಮೀಟರಿಗಿಂತ ಕಡಿಮೆ ದೂರ. ಗುಂಪಿನಲ್ಲಿ ಒಬ್ಬರು ಹಿರಿಯರು, ಒಂದು ಮಗು, ಗಾಲಿಕುರ್ಚಿ ಅಥವಾ ಮಕ್ಕಳ ತಳ್ಳುಗಾಡಿಯೊಂದಿಗೆ ಬಂದವರು ಒಬ್ಬರಾದರೂ ಇರಲಿ, ನಡಿಗೆಯ ವೇಗವನ್ನು ಅವರೇ ನಿಗದಿ ಮಾಡಲಿ. ಅಳತೆಪಟ್ಟಿ, ಗಡಿಯಾರ, ಟಿಪ್ಪಣಿ ಪುಸ್ತಕ ಜೊತೆಗಿರಲಿ. ಕಾಲುದಾರಿಯ ಅಗಲ ಎಲ್ಲಿ ಎಷ್ಟಾಯಿತು, ನೆರಳು ಎಲ್ಲಿ ಮುಗಿಯಿತು, ಕುಳಿತುಕೊಳ್ಳಲು ಎಷ್ಟು ದೂರಕ್ಕೊಮ್ಮೆ ಜಾಗ ಸಿಕ್ಕಿತು ಎಂದು ಬರೆದುಕೊಳ್ಳಿ.

ಸಿಗ್ನಲ್‌ನಲ್ಲಿ ನಿಂತು ಒಂದು ಲೆಕ್ಕ ಮಾಡಿ. ಪಾದಚಾರಿಗಳ ಹಸಿರು ದೀಪದ ಅವಧಿಯನ್ನು ಹಲವು ದೇಶಗಳಲ್ಲಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಹಾಕುತ್ತಾರೆ. ಆ ವೇಗದಲ್ಲಿ 12 ಮೀಟರ್ ರಸ್ತೆ ದಾಟಲು 10 ಸೆಕೆಂಡ್ ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವ ಹಿರಿಯರಿಗೆ 15 ಸೆಕೆಂಡ್ ಬೇಕು. ಆ ಐದು ಸೆಕೆಂಡುಗಳಲ್ಲಿ ಅವರು ರಸ್ತೆಯ ನಡುವೆ ಇರುತ್ತಾರೆ, ವಾಹನಗಳು ಹೊರಟಿರುತ್ತವೆ. ‘ರಸ್ತೆ ದಾಟಲು ಭಯ’ ಎಂದು ಸಭೆಯಲ್ಲಿ ಹೇಳಿದಾಗ ತಲೆಯಾಡಿಸಿ ಸುಮ್ಮನಾಗುವ ಎಂಜಿನಿಯರ್, ಗಡಿಯಾರ ಹಿಡಿದು ನೋಡಿದ ಈ ಐದು ಸೆಕೆಂಡುಗಳಿಗೆ ಉತ್ತರ ಕೊಡಲೇಬೇಕಾಗುತ್ತದೆ. ಅದೇ ದಾರಿಯಲ್ಲಿ ಕತ್ತಲಾದ ಮೇಲೆ ಇನ್ನೊಮ್ಮೆ ನಡೆಯಿರಿ.

ಐದನೆಯ ಹೆಜ್ಜೆ: ಸಭೆಯ ದಿನ

ಸಾಲುಕುರ್ಚಿ ಹಾಕಬೇಡಿ. ಸಾಲುಕುರ್ಚಿ ಹಾಕಿದೊಡನೆ ವೇದಿಕೆ ಹುಟ್ಟುತ್ತದೆ, ವೇದಿಕೆ ಹುಟ್ಟಿದೊಡನೆ ಭಾಷಣ ಹುಟ್ಟುತ್ತದೆ. ಆರರಿಂದ ಎಂಟು ಜನ ಸುತ್ತ ಕುಳಿತುಕೊಳ್ಳುವಂತೆ ಮೇಜುಗಳನ್ನು ಜೋಡಿಸಿ, ಪ್ರತಿ ಮೇಜಿಗೂ ಮಾತು ನಡೆಸುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು ಇರಲಿ. ಮಾತು ನಡೆಸುವವರು ಆ ಯೋಜನೆಯ ವಿನ್ಯಾಸಕಾರರಾಗಿರಬಾರದು. ತನ್ನ ಕೂಸನ್ನು ತಾನೇ ಮೇಜಿನ ಮೇಲಿಟ್ಟು ಊರವರ ಟೀಕೆಯನ್ನು ಶಾಂತವಾಗಿ ಬರೆದುಕೊಳ್ಳುವುದು ಯಾರಿಂದಲೂ ಆಗದ ಕೆಲಸ. ವಿನ್ಯಾಸಕಾರರು ಅಲ್ಲಿಯೇ ಇರಲಿ, ಕೇಳಿದ ಪ್ರಶ್ನೆಗೆ ಉತ್ತರಿಸಲಿ.

ಮೊದಲ ಐದು ನಿಮಿಷ ಯಾರೂ ಮಾತನಾಡಬಾರದು. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಚೀಟಿಯಲ್ಲಿ ಬರೆಯಲಿ ಅಥವಾ ಬಿಡಿಸಲಿ. ಬರೆಯಲು ಬಾರದವರು ಪಕ್ಕದವರಿಗೆ ಮೆಲ್ಲನೆ ಹೇಳಿ ಬರೆಸಲಿ. ಬಳಿಕ ಸುತ್ತಿನಂತೆ ಒಬ್ಬೊಬ್ಬರೇ ಓದಲಿ, ಒಂದು ಸುತ್ತು ಮುಗಿಯುವವರೆಗೆ ಯಾರೂ ಪ್ರತಿಕ್ರಿಯಿಸದಿರಲಿ. ಸಣ್ಣ ಏರ್ಪಾಡು, ಆದರೆ ದೊಡ್ಡ ಗಂಟಲಿನವರಿಗೂ ಮೆಲುದನಿಯವರಿಗೂ ಸರಿಸಮಾನ ಜಾಗ ಕೊಡಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಬರೆದುಕೊಳ್ಳುವವರಿಗೆ ಒಂದೇ ನಿಯಮ: ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ. ‘ಸಂಜೆ ಆರರ ಮೇಲೆ ನನ್ನ ಮಗಳು ಈ ರಸ್ತೆಯಲ್ಲಿ ಬರುವಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ’ ಎಂಬ ಮಾತು ನಡಾವಳಿಯಲ್ಲಿ ‘ಮಹಿಳಾ ಸುರಕ್ಷತೆಯ ಕುರಿತು ಕಳವಳ ವ್ಯಕ್ತವಾಯಿತು’ ಎಂದಾದರೆ ಆ ತಾಯಿ ಅಲ್ಲಿಂದ ಮರೆಯಾದರು. ದೀಪದ ಕಂಬ ಎಲ್ಲಿ ಬೇಕಿತ್ತು ಎಂಬ ಸುಳಿವೂ ಅವರೊಂದಿಗೆ ಹೋಯಿತು.

ಜಗಳ ಬರುತ್ತದೆ, ಬರಲಿ. ಒಬ್ಬರು ವಾಹನ ನಿಲುಗಡೆ ಬೇಕೆನ್ನುತ್ತಾರೆ, ಇನ್ನೊಬ್ಬರು ಮರ ಬೇಕೆನ್ನುತ್ತಾರೆ. ಆಗ ‘ಏನು ಬೇಕು’ ಎಂಬುದನ್ನು ಬಿಟ್ಟು ‘ಏಕೆ ಬೇಕು’ ಎಂಬುದಕ್ಕೆ ಇಳಿಯಿರಿ. ನಿಲುಗಡೆ ಕೇಳಿದ ಅಂಗಡಿಯವರಿಗೆ ಬೇಕಾಗಿರುವುದು ಸರಕು ಇಳಿಸಲು ಬೆಳಗಿನ ಒಂದು ಗಂಟೆ ಮಾತ್ರವಿರಬಹುದು. ಅದಕ್ಕೆ ಇಡೀ ದಿನದ ನಿಲುಗಡೆ ಬೇಕಿಲ್ಲ, ಮರವೂ ಉಳಿಯುತ್ತದೆ. ಇಷ್ಟಾದರೂ ಒಪ್ಪಂದವಾಗದ ವಿಷಯಗಳು ಇರುತ್ತವೆ. ಅವನ್ನು ‘ಒಪ್ಪಂದವಾಗಿಲ್ಲ’ ಎಂಬ ತಲೆಬರಹದಡಿ, ಎರಡೂ ಕಡೆಯ ಕಾರಣಗಳೊಂದಿಗೆ ಬರೆದಿಡಿ. ಇಲ್ಲದ ಒಮ್ಮತವನ್ನು ಇದೆಯೆಂದು ಬರೆದ ವರದಿ ಮೊದಲ ಅಡಿಗಲ್ಲಿನ ದಿನವೇ ಸುಳ್ಳಾಗುತ್ತದೆ.

ಆರನೆಯ ಹೆಜ್ಜೆ: ಕೈಯಲ್ಲಿ ಹಿಡಿದು ನೋಡುವಂತೆ ಮಾಡಿ

ನೆಲನಕ್ಷೆ ಓದುವುದು ಕಲಿತವರಿಗೆ ಮಾತ್ರ ಬರುವ ವಿದ್ಯೆ. ಬಹಳಷ್ಟು ಜನ ಅದನ್ನು ನೋಡಿ ಸುಮ್ಮನೆ ತಲೆಯಾಡಿಸುತ್ತಾರೆ, ಅರ್ಥವಾಗಲಿಲ್ಲ ಎಂದು ಹೇಳಲು ಸಂಕೋಚ. 1970ರ ದಶಕದಲ್ಲಿ ಬ್ರಿಟನ್ನಿನ ಟೋನಿ ಗಿಬ್ಸನ್ ಮತ್ತು ಅವರ ಸಂಗಡಿಗರು ಇದಕ್ಕೆ ಸರಳವಾದ ದಾರಿಯೊಂದನ್ನು ರೂಢಿಗೆ ತಂದರು. ರಟ್ಟು, ಕಾಗದಗಳಿಂದ ಬಡಾವಣೆಯ ಮಾದರಿಯನ್ನು ನಿವಾಸಿಗಳೇ ಮಾಡುವುದು, ಅದನ್ನು ಜನರಿರುವಲ್ಲಿಗೆ ಒಯ್ಯುವುದು, ತಮಗೆ ಬೇಕಾದದ್ದನ್ನು ಸೂಚಿಸುವ ಚೀಟಿಗಳನ್ನು ಬೇಕಾದ ಜಾಗದಲ್ಲಿ ಇಡುವುದು. ಮಾತನಾಡಲು ಹಿಂಜರಿಯುವವರೂ ಚೀಟಿ ಇಡುತ್ತಾರೆ. ಒಬ್ಬರಿಟ್ಟ ಚೀಟಿಯನ್ನು ಇನ್ನೊಬ್ಬರು ಸ್ವಲ್ಪ ಸರಿಸುತ್ತಾರೆ, ಮಾತು ಅಲ್ಲಿಂದ ಶುರುವಾಗುತ್ತದೆ.

ಮನೆಗಳ ಸಾಂದ್ರತೆಯ ವಿಷಯಕ್ಕೆ ಈ ಮಾದರಿಗಳು ಅತ್ಯಗತ್ಯ. ‘ಇಲ್ಲಿ ಹೆಚ್ಚು ಮನೆಗಳು ಬರುತ್ತವೆ’ ಎಂದೊಡನೆ ಜನರ ಕಣ್ಣಮುಂದೆ ಗಗನಚುಂಬಿಗಳು ಬರುತ್ತವೆ. 1999ರಲ್ಲಿ ವಾಸ್ತುಶಿಲ್ಪಿ ರಿಚರ್ಡ್ ರಾಜರ್ಸ್ ನೇತೃತ್ವದ ಬ್ರಿಟನ್ನಿನ ನಗರ ಕಾರ್ಯಪಡೆ ತನ್ನ ವರದಿಯಲ್ಲಿ ಒಂದೇ ಜಾಗದ ಮೂರು ಚಿತ್ರಗಳನ್ನು ತೋರಿಸಿತು. ಮೂರರಲ್ಲಿಯೂ ಹೆಕ್ಟೇರಿಗೆ 75 ಮನೆಗಳೇ. ಒಂದರಲ್ಲಿ ಬಯಲಿನ ನಡುವೆ ನಿಂತ ಎತ್ತರದ ಗೋಪುರ, ಇನ್ನೊಂದರಲ್ಲಿ ಎರಡು ಮೂರು ಮಹಡಿಯ ಸಾಲುಮನೆಗಳ ಬೀದಿ, ಮೂರನೆಯದರಲ್ಲಿ ನಡುವಿನ ಅಂಗಳವನ್ನು ಸುತ್ತುವರಿದ ಮಧ್ಯಮ ಎತ್ತರದ ಕಟ್ಟಡಗಳು. 75 ಸಣ್ಣ ಮರದ ತುಂಡುಗಳನ್ನು ಮೇಜಿನ ಮೇಲಿಟ್ಟು, ಈ ಗೆರೆಯೊಳಗೆ ಇವನ್ನು ಜೋಡಿಸಿ ಎಂದು ಹೇಳಿ ನೋಡಿ. ‘ಬೇಕು, ಬೇಡ’ ಎಂಬ ವಾದ ‘ಹೇಗೆ ಜೋಡಿಸೋಣ’ ಎಂಬ ಕೆಲಸವಾಗಿ ಬದಲಾಗುತ್ತದೆ. ಬಿಸಿಲು ಎಲ್ಲಿ ಬೀಳುತ್ತದೆ, ಮಕ್ಕಳು ಎಲ್ಲಿ ಆಡುತ್ತಾರೆ, ಮಳೆಯ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಗಳನ್ನು ಜನರೇ ಎತ್ತುತ್ತಾರೆ.

ಬಣ್ಣದ ಚುಕ್ಕೆ ಅಂಟಿಸಿ ಮತ ಎಣಿಸುವುದು ಈಗ ಎಲ್ಲೆಡೆ ರೂಢಿಯಲ್ಲಿದೆ. ಅದನ್ನು ಕೊನೆಯಲ್ಲಿ, ಎಚ್ಚರದಿಂದ ಬಳಸಿ. ಮೊದಲೇ ಅಂಟಿದ ಚುಕ್ಕೆಗಳು ಮುಂದಿನವರ ಕೈಯನ್ನು ಎಳೆಯುತ್ತವೆ. ಹೌದು ಅಥವಾ ಇಲ್ಲ ಎಂಬ ಮತಕ್ಕೆ ನಡುವಿನ ಮಾತೂ ತಿಳಿಯುವುದಿಲ್ಲ. ಬರ್ಲಿನ್ನಿನ ಟೆಂಪಲ್‌ಹಾಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿ, ಮುನ್ನೂರು ಹೆಕ್ಟೇರಿಗೂ ಮಿಕ್ಕಿದ ಬಯಲು 2010ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಂಚುಗಳಲ್ಲಿ ಮನೆ ಕಟ್ಟುವ ನಗರಾಡಳಿತದ ಯೋಜನೆಯನ್ನು 2014ರ ಮೇ ತಿಂಗಳ ಜನಮತಗಣನೆ ತಿರಸ್ಕರಿಸಿತು, ಬಯಲು ಪೂರ್ತಿಯಾಗಿ ಬಯಲಾಗಿಯೇ ಉಳಿಯಿತು. ಆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ‘ಈ ಒಂದು ಅಂಚಿನಲ್ಲಿ, ಇಂಥವರಿಗೆ, ಇಷ್ಟೇ ಮನೆಗಳು’ ಎಂದು ಹೇಳಬಯಸಿದವರಿಗೆ ಮತಪೆಟ್ಟಿಗೆಯ ಮುಂದೆ ಜಾಗವಿರಲಿಲ್ಲ. ಅಂತಹ ಮಾತಿಗೆ ಜಾಗವಿರುವುದು ಮೇಜಿನ ಸುತ್ತ.

ಏಳನೆಯ ಹೆಜ್ಜೆ: ಕನಸನ್ನು ಪರೀಕ್ಷಿಸಬಹುದಾದ ವಾಕ್ಯವಾಗಿ ಬರೆಯಿರಿ

ಇಡೀ ನಗರದ ಮುನ್ನೋಟವನ್ನು ಜನರೇ ಬರೆದ ಉದಾಹರಣೆಗಳಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಡುವುದು ಅಮೆರಿಕದ ಟೆನೆಸ್ಸಿ ರಾಜ್ಯದ ಚಾಟನೂಗ. ಕಾರ್ಖಾನೆಗಳ ಹೊಗೆಯಿಂದಾಗಿ 1969ರಲ್ಲಿ ದೇಶದಲ್ಲೇ ಅತಿ ಕಲುಷಿತ ಗಾಳಿಯ ನಗರ ಎಂಬ ಹಣೆಪಟ್ಟಿ ಹೊತ್ತ ಊರು ಅದು. 1984ರಲ್ಲಿ ಅಲ್ಲಿ ತಿಂಗಳುಗಟ್ಟಲೆ ನಡೆದ ಸರಣಿ ಸಭೆಗಳಲ್ಲಿ ಸುಮಾರು 1,700 ಜನ ಪಾಲ್ಗೊಂಡು, 2000ನೇ ಇಸವಿಯ ಹೊತ್ತಿಗೆ ತಲುಪಬೇಕಾದ 40 ಗುರಿಗಳನ್ನು ಬರೆದರು. ಆ ಗುರಿಗಳ ಪಟ್ಟಿ ಕಪಾಟು ಸೇರಲಿಲ್ಲ. 1992ರಲ್ಲಿ ನದಿಯ ದಂಡೆಯಲ್ಲಿ ಮತ್ಸ್ಯಾಲಯ ತೆರೆಯಿತು. 1978ರಲ್ಲಿ ವಾಹನಗಳಿಗೆ ಮುಚ್ಚಿದ್ದ, ಕೆಡವಬೇಕೆಂಬ ಮಾತು ಎದ್ದಿದ್ದ ಹಳೆಯ ವಾಲ್‌ನಟ್ ಬೀದಿಯ ಸೇತುವೆ 1993ರಲ್ಲಿ ಪಾದಚಾರಿಗಳ ಸೇತುವೆಯಾಗಿ ಮರುಹುಟ್ಟು ಪಡೆಯಿತು. ಅದೇ ವರ್ಷ ಜನ ಮತ್ತೆ ಸೇರಿ ಗುರಿಗಳ ಹೊಸ ಪಟ್ಟಿ ಬರೆದರು.

ಇಲ್ಲಿಂದ ಕಲಿಯಬೇಕಾದದ್ದು ಗುರಿ ಬರೆಯುವ ಬಗೆ. ‘ವಿಶ್ವದರ್ಜೆಯ, ಎಲ್ಲರನ್ನೂ ಒಳಗೊಂಡ, ಸುಸ್ಥಿರ ನಗರ’ ಎಂಬ ವಾಕ್ಯವನ್ನು ಯಾರೂ ವಿರೋಧಿಸುವುದಿಲ್ಲ. ಅದು ಈಡೇರಿತೇ ಇಲ್ಲವೇ ಎಂದು ಯಾರೂ ಪರೀಕ್ಷಿಸಲಾರರು ಕೂಡ. ಅದರ ಬದಲು ಇಪ್ಪತ್ತು ವರ್ಷಗಳ ನಂತರದ ಒಂದು ದಿನವನ್ನು ಬರೆಯಲು ಹೇಳಿ. ಇಂದು ಹುಟ್ಟಿದ ಮಗು ಅಂದು ಕಾಲೇಜಿಗೆ ಹೇಗೆ ಹೋಗುತ್ತಾಳೆ? ಇಂದು ಐವತ್ತೈದರಲ್ಲಿರುವವರು ಅಂದು ಎಪ್ಪತ್ತೈದರಲ್ಲಿ ಔಷಧ ತರಲು ಎಷ್ಟು ದೂರ ನಡೆಯುತ್ತಾರೆ? ಬಿಸಿಗಾಳಿಯ ಮಧ್ಯಾಹ್ನ ಎಲ್ಲಿ ನಿಲ್ಲುತ್ತಾರೆ? ಬಂದ ಉತ್ತರಗಳನ್ನು ಹೀಗೆ ತಿದ್ದಿ: ‘ಪ್ರತಿ ಮನೆಯಿಂದ 400 ಮೀಟರ್ ಒಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ನೆರಳಿರುವ ಕುಳಿತುಕೊಳ್ಳುವ ಜಾಗ ಇರುತ್ತದೆ.’ ಇದನ್ನು ನಕ್ಷೆಯ ಮೇಲೆ ವೃತ್ತ ಎಳೆದು ಯಾರು ಬೇಕಾದರೂ ಪರೀಕ್ಷಿಸಬಹುದು. ಇಂತಹ ಎಂಟು ಹತ್ತು ವಾಕ್ಯಗಳು ಸಾಕು.

ಎಂಟನೆಯ ಹೆಜ್ಜೆ: ಕಟ್ಟುವ ಮೊದಲು ಸ್ವಲ್ಪ ದಿನ ಬದುಕಿ ನೋಡಿ

ಬೀದಿಯೊಂದನ್ನು ಬದಲಿಸುವ ಮಾತಾಗಿದ್ದರೆ ಬಣ್ಣ, ಕುಂಡ, ಕುರ್ಚಿಗಳಿಂದ ಕೆಲವು ವಾರ ಪ್ರಯೋಗ ಮಾಡಬಹುದು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬಳಿ 2009ರಲ್ಲಿ ಬ್ರಾಡ್‌ವೇ ರಸ್ತೆಯ ಒಂದು ಭಾಗದಲ್ಲಿ ವಾಹನ ನಿಲ್ಲಿಸಿ, ಅಗ್ಗದ ಮಡಿಸುವ ಕುರ್ಚಿಗಳನ್ನು ಹಾಕಿದರು. ಜನ ಕುಳಿತುಕೊಂಡರು. ಮರುವರ್ಷ ಅದನ್ನು ಕಾಯಂ ಮಾಡುವ ತೀರ್ಮಾನವಾಯಿತು.

ಪ್ರಯೋಗವೂ ಮಾತುಕತೆಯ ಭಾಗವೇ ಹೊರತು ಅದರ ಬದಲಿಯಲ್ಲ. ಬಾರ್ಸಿಲೋನಾದ ಪೊಬ್ಲೆನೊ ಪ್ರದೇಶದಲ್ಲಿ 2016ರ ಸೆಪ್ಟೆಂಬರಿನಲ್ಲಿ ಹಲವು ಬೀದಿಗಳನ್ನು ಒಗ್ಗೂಡಿಸಿ, ಹಾದುಹೋಗುವ ವಾಹನಗಳನ್ನು ಹೊರಗಿಟ್ಟಾಗ, ತಮಗೆ ಸರಿಯಾಗಿ ತಿಳಿಸಲಿಲ್ಲ ಎಂದು ಅನೇಕ ನಿವಾಸಿಗಳು ಪ್ರತಿಭಟಿಸಿದರು. ಮುಂದೆ ಮೇಜು, ಆಟದ ಜಾಗ, ಮರಗಳು ಬಂದಂತೆ ಬೀದಿಗೆ ಜೀವ ಬಂತು. ಆದರೆ ಆರಂಭದ ಕಹಿಯನ್ನು ತಪ್ಪಿಸಬಹುದಾಗಿತ್ತು. ಯಾವ ದಿನದಿಂದ ಯಾವ ದಿನದವರೆಗೆ, ಏನನ್ನು ಎಣಿಸುತ್ತೇವೆ, ಯಾವ ಫಲಿತಾಂಶ ಬಂದರೆ ತೆಗೆದುಹಾಕುತ್ತೇವೆ ಎಂಬ ಮೂರನ್ನು ಆ ಬೀದಿಯ ಮನೆಮನೆಗೆ ಮುಂಚಿತವಾಗಿ ತಿಳಿಸಿ.

ಒಂಬತ್ತನೆಯ ಹೆಜ್ಜೆ: ಲೆಕ್ಕ ಒಪ್ಪಿಸಲು ಮರಳಿ ಬನ್ನಿ

ಬಹಳಷ್ಟು ಮಾತುಕತೆಗಳು ಸಾಯುವುದು ಇಲ್ಲಿ. ಸಭೆ ಮುಗಿದ ಎರಡು ವಾರದೊಳಗೆ, ಬಂದವರೆಲ್ಲರಿಗೂ ‘ನಾವು ಕೇಳಿಸಿಕೊಂಡದ್ದು ಇದು, ಸರಿಯೇ?’ ಎಂಬ ಒಂದೆರಡು ಪುಟ ತಲುಪಬೇಕು. ನಂತರ ಇನ್ನೊಂದು ಪಟ್ಟಿ ಬೇಕು. ಎಡಕ್ಕೆ ಜನ ಹೇಳಿದ್ದು, ಬಲಕ್ಕೆ ಅದಕ್ಕೆ ಏನಾಯಿತು ಎಂಬುದು: ಒಪ್ಪಿದೆವು, ಭಾಗಶಃ ಒಪ್ಪಿದೆವು, ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಕಾರಣವನ್ನು ಕಡ್ಡಿ ಮುರಿದಂತೆ ಬರೆಯಿರಿ. ಜನ ‘ಇಲ್ಲ’ ಎಂಬ ಉತ್ತರವನ್ನು ತಡೆದುಕೊಳ್ಳುತ್ತಾರೆ, ಉತ್ತರವೇ ಇಲ್ಲದಿರುವುದನ್ನು ತಡೆದುಕೊಳ್ಳುವುದಿಲ್ಲ. ನಾನು ಸಭೆ ನಡೆಸುವ ಗುಂಪಿನಲ್ಲಿದ್ದಾಗ ಒಮ್ಮೆ ಈ ಪಟ್ಟಿ ತಯಾರಿಸಲು ಏಳು ತಿಂಗಳು ತಡವಾಯಿತು. ಅದನ್ನು ಹಿಡಿದುಕೊಂಡು ಹೋದಾಗ ಮೊದಲ ಬಾರಿ ಬಂದಿದ್ದವರಲ್ಲಿ ಕಾಲುಭಾಗ ಜನರೂ ಇರಲಿಲ್ಲ. ಆ ನಂಬಿಕೆಯನ್ನು ಮರಳಿ ಪಡೆಯಲು ಮನೆಮನೆಗೆ ನಡೆಯಬೇಕಾಯಿತು.

ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ತನ್ನ ಬಜೆಟ್ಟಿನ ಹೂಡಿಕೆಯ ಒಂದು ಭಾಗವನ್ನು ಬಡಾವಣೆಯ ಜನರೇ ಚರ್ಚಿಸಿ ನಿರ್ಧರಿಸುವ ಕ್ರಮ ಆರಂಭಿಸಿತು. ಅಲ್ಲಿ ರೂಢಿಗೆ ಬಂದ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ವರ್ಷದ ಮೊದಲ ಸುತ್ತಿನ ಸಭೆಯಲ್ಲಿ ಹೊಸ ಬೇಡಿಕೆಗಳಿಗೂ ಮುನ್ನ ಆಡಳಿತ ಹಿಂದಿನ ವರ್ಷದ ಲೆಕ್ಕ ಒಪ್ಪಿಸಬೇಕಿತ್ತು: ಯಾವ ಕೆಲಸ ಮುಗಿಯಿತು, ಯಾವುದು ನಿಂತಿದೆ, ಏಕೆ. ಒಪ್ಪಿದ ಕೆಲಸಗಳ ಪಟ್ಟಿ ಅಚ್ಚಾಗಿ ಜನರ ಕೈಯಲ್ಲಿರುತ್ತಿತ್ತು. ನಿಮ್ಮ ಮಾತುಕತೆ ಎಷ್ಟೇ ಚಿಕ್ಕದಾಗಿರಲಿ, ಈ ಕ್ರಮವನ್ನು ಹಾಗೆಯೇ ಎತ್ತಿಕೊಳ್ಳಿ.

ನಗರದ ಕೆಲಸ ನಿಧಾನ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನಲ್ಲಿ ಹಳೆಯ ಕಂದಕದ ಒಂದು ಭಾಗವನ್ನು ಬತ್ತಿಸಿ ವಾಹನಗಳ ಹೆದ್ದಾರಿ ಮಾಡಿದ್ದರು. ರೈಲು ನಿಲ್ದಾಣದ ಸುತ್ತಲಿನ ಪ್ರದೇಶ ಹೇಗಿರಬೇಕೆಂದು 2002ರಲ್ಲಿ ಜನಮತ ಕೇಳಿದಾಗ ನೀರು ಮರಳಿ ಬರುವ ಯೋಜನೆಯನ್ನು ಜನ ಆರಿಸಿದರು. ಕಾಲುವೆ ಪೂರ್ತಿ ಸುತ್ತು ಮರಳಿ ನೀರು ತುಂಬಿಕೊಂಡದ್ದು 2020ರ ಸೆಪ್ಟೆಂಬರಿನಲ್ಲಿ. ಹದಿನೆಂಟು ವರ್ಷ ಆ ಆಯ್ಕೆಯನ್ನು ನೆನಪಿಟ್ಟುಕೊಳ್ಳಬೇಕಾಯಿತು. ಆ ನಡುವೆ ಅಧಿಕಾರಿಗಳು ಬದಲಾಗುತ್ತಾರೆ, ಚುನಾಯಿತರು ಬದಲಾಗುತ್ತಾರೆ, ಸಭೆಗೆ ಬಂದ ಮಕ್ಕಳು ದೊಡ್ಡವರಾಗುತ್ತಾರೆ. ಆದ್ದರಿಂದ ದಾಖಲೆ ಒಬ್ಬರ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು. ಊರಿನ ಗ್ರಂಥಾಲಯದಲ್ಲಿ ಅಚ್ಚಾದ ಒಂದು ಪ್ರತಿ, ಶಾಲೆಯಲ್ಲಿ ಒಂದು ಪ್ರತಿ, ಆಡಳಿತ ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಬಿದ್ದ ಒಂದು ಪ್ರತಿ ಇರಲಿ. ವರ್ಷಕ್ಕೊಮ್ಮೆ, ಮೊದಲೇ ಗೊತ್ತುಮಾಡಿದ ದಿನ, ಅದನ್ನು ತೆರೆದು ಒಂದೊಂದೇ ವಾಕ್ಯದ ಮುಂದೆ ಏನಾಯಿತು ಎಂದು ಬರೆಯುವ ಇಬ್ಬರನ್ನು ಈಗಲೇ ಹೆಸರಿಸಿ. ಒಬ್ಬರು ಇಪ್ಪತ್ತರ ಆಸುಪಾಸಿನವರಾಗಿರಲಿ.

ಮೊದಲ ಸಭೆಯ ಕೊನೆಯಲ್ಲಿ ಜನ ಎದ್ದು ಹೋಗುವ ಮೊದಲು ಮುಂದಿನ ಭೇಟಿಯ ದಿನ, ಹೊತ್ತು, ಸ್ಥಳಗಳನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಆ ದಿನ ಪಟ್ಟಿ ಪೂರ್ತಿ ತಯಾರಾಗಿರದಿದ್ದರೂ ಹೋಗಿ, ತಯಾರಾಗಿರುವಷ್ಟನ್ನೇ ಓದಿ ಹೇಳಿ.